ಫೈಲಿನಿಂದ ತೆಗೆದ ಸಾಲು

ಆ ಮನೆಯಲ್ಲಿ ಮಕ್ಕಳು ಆರನೇ ಕ್ಲಾಸಿಗೆ ಹೋದ ವರ್ಷ ಅವರ ಫೈಲನ್ನು ಅವರ ಕೈಗೇ ಕೊಡುವ ಪದ್ಧತಿ ಇತ್ತು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಆಫೀಸು ಕೋಣೆಯ ಮೇಜಿನ ಮುಂದೆ ಮಗುವನ್ನು ಕೂರಿಸುತ್ತಿದ್ದರು. ಪಕ್ಕದಲ್ಲಿ ಅದನ್ನು ಬೆಳೆಸಿದ ಅಮ್ಮ ಕೂರುತ್ತಿದ್ದರು. ತಟ್ಟೆಯಲ್ಲಿ ಏನಾದರೊಂದು ಸಿಹಿ ಇರುತ್ತಿತ್ತು. ತನ್ನ ಬಗ್ಗೆ ಬರೆದಿರುವುದನ್ನು ಮಗು ಬೇರೆಯವರ ಬಾಯಿಂದ ಕೇಳಬಾರದು, ತಾನೇ ಓದಬೇಕು, ಓದುವಾಗ ಒಂಟಿಯಾಗಿರಬಾರದು ಎಂಬುದು ಅಲ್ಲಿನ ಹಿರಿಯರ ನಿಲುವು.

ಮನೆ ಇದ್ದದ್ದು ವಿಶಾಖಪಟ್ಟಣದಿಂದ ಋಷಿಕೊಂಡಕ್ಕೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆಯಿಂದ ಎರಡು ತಿರುವು ಒಳಗೆ. ಒಬ್ಬ ಪಾದ್ರಿ ಮತ್ತು ಅವರ ಹೆಂಡತಿ ಚರ್ಚಿನ ಜನರ ನೆರವಿನಿಂದ ನಡೆಸುತ್ತಿದ್ದರು. ಪಾದ್ರಿಯನ್ನು ಎಲ್ಲರೂ ಅಯ್ಯಗಾರು ಎನ್ನುತ್ತಿದ್ದರು. ಎರಡು ಅಂತಸ್ತು; ಒಂದೊಂದು ಅಂತಸ್ತು ಒಂದೊಂದು ಸಂಸಾರ, ಒಂದೊಂದಕ್ಕೂ ಒಬ್ಬ ಅಮ್ಮ. ತಂದೆತಾಯಿ ಇಲ್ಲದ ಮಕ್ಕಳು, ಇದ್ದೂ ಇಲ್ಲದಂಥ ಮಕ್ಕಳು. ಹದಿನೆಂಟು ತುಂಬಿತೆಂದು ಅಲ್ಲಿಂದ ಯಾರನ್ನೂ ಕಳಿಸುತ್ತಿರಲಿಲ್ಲ. ಅಚ್ಯುತಾಪುರಂ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರಿ ಅಲ್ಲಿನ ಹಾಸ್ಟೆಲಿನಲ್ಲಿದ್ದ ದೊಡ್ಡ ಹುಡುಗಿಯರು ಶನಿವಾರ ಸಂಜೆ ಬಸ್ಸಿಳಿದು ನೇರ ಅಡುಗೆಮನೆಗೆ ನುಗ್ಗಿ ಪಾತ್ರೆಗಳ ಮುಚ್ಚಳ ತೆಗೆದು ನೋಡುತ್ತಿದ್ದರು. ತವರಿಗೆ ಬಂದವರು ಮಾಡುವುದೂ ಅದನ್ನೇ.

ನಾನು ಅಲ್ಲಿಗೆ ಹೋಗತೊಡಗಿದ್ದು ಶನಿವಾರಗಳಲ್ಲಿ, ಫೈಲುಗಳ ಕೆಲಸಕ್ಕೆ. ಬಳ್ಳಾರಿಯವಳು, ಕನ್ನಡ ಪತ್ರಿಕೆಯೊಂದರ ಡೆಸ್ಕಿನಲ್ಲಿ ಬಹಳ ವರ್ಷ ಉಪಸಂಪಾದಕಿಯಾಗಿದ್ದೆ. ಯಜಮಾನರು ಬ್ಯಾಂಕಿನವರು. ಅವರಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ನಾನು ಕೆಲಸ ಬಿಟ್ಟೆ. ಮುಂದೆ ಅವರಿಗೆ ವಿಜಯವಾಡಕ್ಕೆ ವರ್ಗವಾಯಿತು. ಮಗನ ಓದಿಗಾಗಿ ನಾನು ಇಲ್ಲೇ ಉಳಿದೆ. ತೆಲುಗು ನನಗೆ ಹುಟ್ಟಿದೂರಿನ ಬೀದಿಯಲ್ಲೇ ಬಂದದ್ದು. ಆ ಮನೆಯ ಮಾತೆಲ್ಲ ತೆಲುಗೇ. ನನ್ನ ಕಿವಿಗೆ ಅದು ಬಳ್ಳಾರಿಯ ಮಾತಿನ ಹಾಗೆಯೇ ಬೀಳುತ್ತಿತ್ತು, ಆದ್ದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತಿದ್ದೇನೆ.

ಹೊಸ ಮಗು ಬಂದಾಗ ಅಮ್ಮಂದಿರು ಮೊದಲ ವಾರ ಅದು ಆಡಿದ್ದನ್ನೆಲ್ಲ ತೆಲುಗಿನಲ್ಲಿ ಬರೆದಿಡುತ್ತಿದ್ದರು. ಅದನ್ನು ಒಂದು ಪುಟದ ಇಂಗ್ಲಿಷ್ ವರದಿಗೆ ಇಳಿಸುವುದು ನನ್ನ ಪಾಲಿನ ಕೆಲಸ. ವರದಿ ಸರ್ಕಾರದ ಮಕ್ಕಳ ಕಲ್ಯಾಣ ಸಮಿತಿಗೆ ಹೋಗುತ್ತಿತ್ತು. ನನಗೆ ಅದು ಸುಲಭವಾಗಿತ್ತು. ಡೆಸ್ಕಿನಲ್ಲಿ ಮಾಡುತ್ತಿದ್ದುದೂ ಅದನ್ನೇ: ಮೂರು ಹಾಳೆಯನ್ನು ಒಂದು ಹಾಳೆ ಮಾಡುವುದು, ದೃಢಪಡದ್ದನ್ನು ತೆಗೆಯುವುದು.

ಆ ಶನಿವಾರ ಮೇಜಿನ ಮುಂದೆ ಕೂತವಳು ಐದು ವರ್ಷದ ಹಿಂದೆ ಬಂದ ಹುಡುಗಿ. ಬಂದಾಗ ಆರರ ಆಸುಪಾಸು, ಈಗ ಹನ್ನೊಂದು. ಮೊದಲ ಮಹಡಿಯ ಅಮ್ಮನ ಮಗಳು. ಆ ಅಮ್ಮ ಶ್ರೀಕಾಕುಳಂ ಕಡೆಯವರು, ಮೊದಲು ಅಂಗನವಾಡಿಯಲ್ಲಿ ಕೆಲಸ ಮಾಡಿದವರು, ಚಿಕ್ಕ ಆಳು, ದೊಡ್ಡ ದನಿ. ಅಂದಿನ ಸಿಹಿ ಸುನ್ನುಂಡ, ಬೆಲ್ಲ ತುಪ್ಪದ ಉದ್ದಿನ ಉಂಡೆ. ಹುಡುಗಿ ಉಂಡೆಯನ್ನು ಮುಟ್ಟಲಿಲ್ಲ. ಬೆರಳಿಟ್ಟುಕೊಂಡು ವರದಿಯನ್ನು ಎರಡು ಸಲ ಓದಿದಳು.

"ಆಂಟೀ, ಇದನ್ನ ಬರೆದೋರು ಯಾರು?"

"ನಾನೇ."

"ಒಬ್ಬಳೇ ಬಂದಳು ಅಂತ ಐತೆ."

"ಹೌದಲ್ಲ. ರೈಲ್ವೆ ಪೊಲೀಸ್ನೋರು ಕರ್ಕೊಂಡು ಬಂದಿದ್ರು."

"ಬಂದಿದ್ದು ಒಬ್ಬಳೇ. ಹೊರಟಿದ್ದು ಇಬ್ಬರು." ಅವಳು ಮುಂದಿನ ಸಾಲಿಗೆ ಬೆರಳು ಸರಿಸಿದಳು. ಬಂಧುಗಳ ಬಗ್ಗೆ ಮಾಹಿತಿ ಇಲ್ಲ ಎಂದಿತ್ತು. "ಚೆಲ್ಲಿ ಇದರಾಗೆ ಯಾಕಿಲ್ಲ?"

ಚೆಲ್ಲಿ ಎಂದರೆ ತಂಗಿ. ಆ ಮನೆಯಲ್ಲಿ ಪ್ರತಿ ಚಿಕ್ಕ ಹುಡುಗಿಯೂ ಯಾರದಾದರೂ ಚೆಲ್ಲಿಯೇ. ನಾನು ಅಮ್ಮನ ಮುಖ ನೋಡಿದೆ. ಅವರು ನನ್ನ ಮುಖ ನೋಡುತ್ತಿದ್ದರು.

ಇಂಗ್ಲಿಷ್ ಹಾಳೆಯ ಹಿಂದೆ ಅಮ್ಮನ ಮೂಲ ಟಿಪ್ಪಣಿಯನ್ನು ಪಿನ್ನು ಹಾಕಿ ಇಟ್ಟಿದ್ದೆವು. ತೆರೆದು ನೋಡಿದೆ. "ತಂಗಿ ಇದ್ದಾಳೆ ಅನ್ನುತ್ತಾಳೆ. ಒಮ್ಮೆ ಒಬ್ಬಳು, ಒಮ್ಮೆ ಇಬ್ಬರು. ಬೊಂಬೆಯನ್ನೂ ಚೆಲ್ಲಿ ಅನ್ನುತ್ತಾಳೆ." ಆ ಸಾಲಿನ ಮೇಲೆ ಪೆನ್ಸಿಲಿನ ಗೆರೆ ಇತ್ತು. ಗೆರೆ ನನ್ನದು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ದೃಢಪಟ್ಟಿಲ್ಲ" ಎಂದು ಕನ್ನಡದಲ್ಲಿ ಬರೆದಿದ್ದೆ.

ಒಬ್ಬರೇ ಹೇಳಿದ್ದು, ಅದೂ ಆರು ವರ್ಷದ ಮಗು, ಅದೂ ಒಂದೊಂದು ಸಲ ಒಂದೊಂದು ರೀತಿ. ಡೆಸ್ಕಿನಲ್ಲಿ ಯಾರೇ ಇದ್ದರೂ ಅದನ್ನು ತೆಗೆಯುತ್ತಿದ್ದರು. ಪತ್ರಿಕೆಯಲ್ಲಾದರೆ ತೆಗೆದ ಸಾಲಿನ ಬಗ್ಗೆ ಮಾರನೇ ದಿನ ವರದಿಗಾರ ಬಂದು ಜಗಳವಾಡುತ್ತಾನೆ. ಇಲ್ಲಿ ಜಗಳವಾಡುವವಳು ಇಂಗ್ಲಿಷ್ ಓದಲು ಕಲಿಯುವವರೆಗೆ ಐದು ವರ್ಷ ಕಾಯಬೇಕಾಯಿತು.

"ನಾನು ತೆಗೆದೆ," ಎಂದೆ. "ನೀನು ಒಂದೊಂದು ಸಲ ಒಂದೊಂದು ಥರ ಹೇಳ್ತಿದ್ದಿ. ನಿಜಾನೋ ಅಲ್ಲವೋ ಗೊತ್ತಾಗಲಿಲ್ಲ. ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನಂದು."

ಹುಡುಗಿ ಆ ಪೆನ್ಸಿಲಿನ ಗೆರೆಯ ಮೇಲೆ ಬೆರಳಿಟ್ಟಳು. "ಇಬ್ಬರು ಅಂದಿದ್ದು ನನ್ನನ್ನೂ ಸೇರಿಸಿ," ಎಂದಳು.

ಆಮೇಲೆ ಅವಳು ಹೇಳಿದ್ದನ್ನು ಈ ಸಲ ಒಂದಕ್ಷರವೂ ಬಿಡದೆ ಬರೆದುಕೊಂಡೆ. ಅವ್ವನ ಜೊತೆ ಬೆಜವಾಡಕ್ಕೆ ಬಂದಿದ್ದರು. ವಿಜಯವಾಡಕ್ಕೆ ಆ ಕಡೆಯವರೆಲ್ಲ ಬೆಜವಾಡ ಎಂದೇ ಅನ್ನುವುದು. ಅವ್ವ ಟೀ ತರುತ್ತೇನೆಂದು ಹೋದವಳು ಬರಲಿಲ್ಲ. ಚೆಲ್ಲಿ ಬ್ಯಾಗಿನ ಮೇಲೆ ತಲೆಯಿಟ್ಟು ಪ್ಲಾಟ್‌ಫಾರಂನಲ್ಲಿ ಮಲಗಿದ್ದಳು. ಇವಳು ಬಾಟಲಿಗೆ ನೀರು ಹಿಡಿಯಲು ನಲ್ಲಿಗೆ ಹೋದಾಗ ಅವ್ವನ ಸೀರೆಯ ಬಣ್ಣ ರೈಲೊಂದರೊಳಗೆ ಹೋದ ಹಾಗೆ ಕಂಡಿತು. ಹತ್ತಿದಳು. ಅದು ಅವ್ವನಾಗಿರಲಿಲ್ಲ. ರೈಲು ಹೊರಟಿತ್ತು.

"ಬಾಟಲಿ ನನ್ ಕೈಯಾಗೇ ಇತ್ತು," ಎಂದಳು. "ಚೆಲ್ಲಿಗೆ ಎದ್ದ ಮೇಲೆ ನೀರು ಬೇಕಾಗಿತ್ತು."

ಅಮ್ಮ ಎದ್ದು ಹೋಗಿ ಮೇಲಿನಿಂದ ನಾಲ್ಕು ನೋಟುಪುಸ್ತಕ ತಂದರು. ಪ್ರತಿ ಸಂಜೆ ಊಟಕ್ಕೆ ಮೊದಲು ಅಲ್ಲಿ ಕುಟುಂಬ ಪ್ರಾರ್ಥನೆ. ಚಾಪೆಯ ಮೇಲೆ ಸುತ್ತ ಕೂತು ಒಬ್ಬೊಬ್ಬರಾಗಿ ಯಾವುದಕ್ಕೆ ಪ್ರಾರ್ಥಿಸಬೇಕೆಂದು ಹೇಳುತ್ತಾರೆ: ಲೆಕ್ಕದ ಪರೀಕ್ಷೆ, ಹಲ್ಲುನೋವು, ಜ್ವರ ಬಂದ ಗೆಳತಿ. ಅಮ್ಮ ಅದನ್ನು ತಾರೀಖು ಹಾಕಿ ಬರೆಯುತ್ತಾರೆ. ಬಲಗಡೆ ಒಂದು ಕಾಲಂ ಬಿಟ್ಟಿರುತ್ತಾರೆ, ಜವಾಬು ಬಂದ ದಿನ ಬರೆಯುವುದಕ್ಕೆ. ನಾನು ಆ ಚಾಪೆಯ ತುದಿಯಲ್ಲಿ ಎಷ್ಟೋ ಶನಿವಾರ ಕೂತಿದ್ದೇನೆ. ಅವಳು ಚೆಲ್ಲಿಗಾಗಿ ಎಂದದ್ದು ಕಿವಿಗೆ ಬಿದ್ದಾಗಲೂ ಆ ಮನೆಯದೇ ಯಾವುದೋ ಚಿಕ್ಕ ಹುಡುಗಿ ಎಂದುಕೊಂಡಿದ್ದೆ. ಆ ಪುಸ್ತಕವನ್ನು ಭಕ್ತಿಯ ವಿಷಯವೆಂದುಕೊಂಡಿದ್ದೆ. ದಾಖಲೆ ಎಂದು ನನಗೆ ಹೊಳೆದೇ ಇರಲಿಲ್ಲ.

ಐದು ವರ್ಷದ ಹಿಂದಿನ ಮೊದಲ ವಾರದ ಪುಟದಲ್ಲಿ ಅಮ್ಮನ ದುಂಡು ಅಕ್ಷರದಲ್ಲಿ ಹೀಗಿತ್ತು: "ಹೊಸ ಮಗು. ಚೆಲ್ಲಿಗಾಗಿ. ಬೆಜವಾಡ ಸ್ಟೇಷನ್. ಬ್ಯಾಗಿನ ಮೇಲೆ ಮಲಗಿದ್ದಾಳೆ." ಮಾರನೇ ದಿನವೂ ಅದೇ. ಆಮೇಲೆ ಬರೀ "ಚೆಲ್ಲಿಗಾಗಿ". ಪುಟ ತಿರುಗಿಸುತ್ತ ಹೋದೆ. ಜ್ವರವಿದ್ದ ದಿನ ಒಂದೆರಡು ಬಿಟ್ಟರೆ ಒಂದು ಸಂಜೆಯೂ ತಪ್ಪಿರಲಿಲ್ಲ. ಉಳಿದ ಮಕ್ಕಳ ಪರೀಕ್ಷೆ, ಹಲ್ಲು, ಜ್ವರದ ಎದುರಿಗೆಲ್ಲ ಬಲಗಡೆ ತಾರೀಖು ಬಿದ್ದಿತ್ತು. ಅವಳ ಸಾಲಿನೆದುರು ಖಾಲಿ.

"ದಿನಾ ಕೇಳ್ತಿದ್ರಲ್ಲ, ನನಗೊಂದು ಮಾತು ಹೇಳಬಾರದಿತ್ತಾ?" ಎಂದೆ. ಹೇಳಿದ ಕೂಡಲೇ ಆ ಮಾತು ಸರಿಯಲ್ಲವೆಂದು ಗೊತ್ತಾಯಿತು.

"ಟಿಪ್ಪಣಿಯಾಗೆ ಬರೆದು ಕೊಟ್ಟಿದ್ನಲ್ರಿ ಮೇಡಂಗಾರೂ. ನೀವು ಓದೀರಿ ಅಂದ್ಕೊಂಡೆ. ಮ್ಯಾಲೆ ದೇವರ ಕೈಗೂ ಕೊಟ್ಟಿದ್ದೆ." ಅವರು ಪುಸ್ತಕ ಮುಚ್ಚಿದರು. "ನೀವು ಪೇಪರಿನೋರು, ದೃಢ ಆಗೋವರೆಗೂ ಬರೆಯಲ್ಲ. ನಾವು ಪ್ರಾರ್ಥನೆಯೋರು, ಬರೆದು ಸುಮ್ಮನಾಗಿಬಿಡ್ತೀವಿ. ನಮ್ಮಿಬ್ಬರ ನಡುವೆ ಆ ಕೂಸು ಬಿತ್ತು ನೋಡ್ರಿ."

ಅದಕ್ಕಿಂತ ಕೆಟ್ಟದ್ದು ಸೋಮವಾರ ಸಿಕ್ಕಿತು. ಅಯ್ಯಗಾರು ಹಳೆಯ ಪತ್ರಗಳ ಕಟ್ಟು ಬಿಚ್ಚಿದಾಗ, ಹುಡುಗಿ ಬಂದ ಎರಡು ತಿಂಗಳಿಗೆ ವಿಜಯವಾಡದ ಸಮಿತಿಯಿಂದ ಹಲವು ಮಕ್ಕಳ ಮನೆಗಳಿಗೆ ಬಂದಿದ್ದ ಒಂದು ವಿಚಾರಣಾ ಪತ್ರ ಹೊರಬಿತ್ತು. ತಂಗಿಯಿಂದ ಬೇರ್ಪಟ್ಟ, ಆರೇಳು ವರ್ಷದ ಹೆಣ್ಣುಮಗು ನಿಮ್ಮಲ್ಲಿದೆಯೇ ಎಂದು ಕೇಳಿದ್ದರು. ಕೆಳಗೆ ನಮ್ಮ ಉತ್ತರದ ಪ್ರತಿ. "ಇಲ್ಲ." ಒಂದು ಶನಿವಾರ ನಾನೇ ಫೈಲುಗಳನ್ನು ನೋಡಿ, ಯಾರನ್ನೂ ಕೇಳದೆ, ಟೈಪು ಮಾಡಿದ್ದು. ನನ್ನ ವರದಿಯನ್ನೇ ಆಧಾರ ಮಾಡಿಕೊಂಡು ನಾನೇ ಉತ್ತರ ಬರೆದಿದ್ದೆ.

ಅಯ್ಯಗಾರು ಓದಿ ಕನ್ನಡಕ ತೆಗೆದರು. ನಾನು ಬೈಗುಳ ನಿರೀಕ್ಷಿಸಿದ್ದೆ. "ಅವರು ಕೇಳಿದ್ದಾರೆ ಅಂದರೆ ಅಲ್ಲಿ ಒಂದು ಮಗು ಇತ್ತು ಅಂತಾಯ್ತಲ್ಲಮ್ಮಾ," ಎಂದರಷ್ಟೇ. "ಈಗ ಬರೀರಿ."

ಬರೆದೆ. ಪ್ರಾರ್ಥನೆಯ ಪುಸ್ತಕದ ಪುಟಗಳನ್ನು ಜೆರಾಕ್ಸ್ ಮಾಡಿಸಿ ಲಗತ್ತಿಸಿದೆವು. ಸಮಿತಿಯ ಅಧಿಕಾರಿಣಿ ಅವನ್ನು ಒಂದೊಂದಾಗಿ ಮಗುಚಿ, "ಇಂಥ ದಾಖಲೆ ನಾನು ನೋಡಿಲ್ಲ," ಎಂದರು. ಮೂರು ವಾರಕ್ಕೆ ವಿಜಯವಾಡದಿಂದ ಜವಾಬು ಬಂತು. ಅದೇ ದಿನಾಂಕ, ಅದೇ ಸ್ಟೇಷನ್ನು. ಎರಡು ವರ್ಷದ ಹೆಣ್ಣುಮಗು, ಬ್ಯಾಗಿನ ಮೇಲೆ ಮಲಗಿತ್ತು. ಈಗ ಅಲ್ಲಿನ ಒಂದು ಮಕ್ಕಳ ಮನೆಯಲ್ಲಿದೆ. ಮಗುವನ್ನು ಮೊದಲು ಎತ್ತಿಕೊಂಡ ಪೊಲೀಸ್ ಪೇದೆ ಬರೆದಿದ್ದ ಪಟ್ಟಿಯ ನಕಲನ್ನೂ ಕಳಿಸಿದ್ದರು: ಒಂದು ಬಾಚಣಿಗೆ, ಒಂದು ಟವಲು, ಎರಡು ಅಳತೆಯ ಫ್ರಾಕುಗಳು.

ಎರಡು ಅಳತೆ. ಆತ ಅದರ ಅರ್ಥ ಹೇಳಲು ಹೋಗಿರಲಿಲ್ಲ, ಬಿಟ್ಟೂ ಇರಲಿಲ್ಲ. ಕಂಡದ್ದನ್ನು ಬರೆದು ಸಹಿ ಹಾಕಿದ್ದ. ಅಲ್ಲಿನವರು ಅಕ್ಕನೊಬ್ಬಳು ಇರಬೇಕೆಂದು ಹುಡುಕಿದ್ದು ಆ ಮೂರು ಪದ ನೋಡಿ. ಜೀವಮಾನವಿಡೀ ಪದ ಎಣಿಸಿದ ನನಗೆ ಆ ಪಟ್ಟಿಯಲ್ಲಿ ತೆಗೆಯುವಂಥದ್ದು ಏನೂ ಕಾಣಲಿಲ್ಲ.

ಸಮಿತಿ ಡಿಎನ್‌ಎ ಪರೀಕ್ಷೆ ಮಾಡಿಸಿತು. ಅಕ್ಕತಂಗಿಯರೆಂದು ಬಂತು. ತಾಯಿಯ ಸುಳಿವು ಆಗಲೂ ಸಿಗಲಿಲ್ಲ, ಈವರೆಗೂ ಸಿಕ್ಕಿಲ್ಲ.

ಬೇಸಿಗೆ ರಜೆಯ ಶುರುವಿಗೆ ನಾವು ಮೂವರು, ಹುಡುಗಿ, ಅಮ್ಮ ಮತ್ತು ನಾನು, ಬೆಳಗಿನ ರೈಲಿನಲ್ಲಿ ವಿಜಯವಾಡಕ್ಕೆ ಹೊರಟೆವು. ಅಮ್ಮ ಪುಳಿಹೊರ, ನಮ್ಮ ಪುಳಿಯೋಗರೆಯಂಥದ್ದು, ಕಟ್ಟಿಕೊಂಡಿದ್ದರು, ಹುಡುಗಿ ಋಷಿಕೊಂಡದ ಸಮುದ್ರದ ದಂಡೆಯಿಂದ ಆರಿಸಿದ ಕಪ್ಪೆಚಿಪ್ಪುಗಳನ್ನು ಒಂದು ಡಬ್ಬಿಯಲ್ಲಿ. ನಮ್ಮ ಲೆಕ್ಕಾಚಾರ ಸರಳವಾಗಿತ್ತು. ತಂಗಿಯನ್ನು ವಿಶಾಖಪಟ್ಟಣಕ್ಕೆ ಕರೆತರುವುದು. ಅಕ್ಕನ ಮಂಚದ ಪಕ್ಕಕ್ಕೆ ಇನ್ನೊಂದು ಮಂಚವನ್ನು ಆಗಲೇ ಹಾಕಿಯಾಗಿತ್ತು. ಸಮಿತಿ ಒಂದೇ ಮಾತು ಹೇಳಿತ್ತು: ಚಿಕ್ಕವಳನ್ನು ಕೇಳಿ, ಒತ್ತಾಯ ಮಾಡಬೇಡಿ.

"ಅವಳಿಗೆ ನನ್ನ ಗುರುತು ಸಿಗುತ್ತಾ?" ಎಂದು ಹುಡುಗಿ ಕೇಳಿದಳು.

"ಎರಡು ವರ್ಷದ ಕೂಸು ಆಗ," ಎಂದರು ಅಮ್ಮ. "ನಿನಗೆ ಸಿಗುತ್ತಲ್ಲ, ಅಷ್ಟು ಸಾಕು."

"ನನಗೂ ಮುಖ ನೆನಪಿಲ್ಲ. ಮಲಗಿರೋದು ನೆನಪೈತೆ." ಆಮೇಲೆ ಕೇಳಿದಳು. "ಬಿಟ್ಟು ಹೋದೆ ಅಂತ ಸಿಟ್ಟಾದ್ರೆ?"

"ಸಿಟ್ಟಾದ್ರೆ ಬೈಸ್ಕೋ. ಬೈಸ್ಕೊಳ್ಳಾಕೂ ಅಕ್ಕ ಬೇಕಲ್ಲ."

ಆ ಮನೆ ಕಾಲುವೆಯ ಹತ್ತಿರ ಒಂದು ಓಣಿಯಲ್ಲಿತ್ತು. ಸೆಖೆ ಮೈಗೆ ಅಂಟಿಕೊಳ್ಳುತ್ತಿತ್ತು. ತಂಗಿ ಅಂಗಳದಲ್ಲಿದ್ದಳು. ಏಳು ವರ್ಷ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಅಲ್ಲಿನ ಅಡುಗೆಯ ಹೆಂಗಸು ಅವಳನ್ನು ಮುಂದೆ ತಳ್ಳಿ, "ನೋಡೇ, ನಿಮ್ಮಕ್ಕ," ಎಂದಳು.

"ಅಕ್ಕಾ, ಡಬ್ಬಿಯಾಗೇನೈತೆ?" ಎಂದಳು ಚಿಕ್ಕವಳು. ಅಕ್ಕ ಎಂಬ ಪದಕ್ಕೆ ಅವಳಲ್ಲಿ ವಿಶೇಷ ಅರ್ಥವಿರಲಿಲ್ಲ. ಆ ಅಂಗಳದ ದೊಡ್ಡ ಹುಡುಗಿಯರೆಲ್ಲ ಅವಳಿಗೆ ಅಕ್ಕಂದಿರೇ.

ನಮ್ಮ ಹುಡುಗಿ ಡಬ್ಬಿ ಕೊಟ್ಟಳು. ಚಿಕ್ಕವಳು ಚಿಪ್ಪುಗಳನ್ನು ನೆಲದ ಮೇಲೆ ಸುರಿದು ದೊಡ್ಡದು ಚಿಕ್ಕದು ಬೇರೆ ಮಾಡತೊಡಗಿದಳು. ಒಂದನ್ನು ನಾಲಿಗೆಗೆ ಮುಟ್ಟಿಸಿ, "ಸಮುದ್ರ ಪೂರ್ತಿ ಉಪ್ಪಾ?" ಎಂದು ಕೇಳಿದಳು.

"ಪೂರ್ತಿ."

"ಕೆಳಗೂ?"

"ಕೆಳಗೆ ಹೋಗಿಲ್ಲ. ಮೇಲೆ ಉಪ್ಪು."

ಒಂದು ಗಂಟೆಯಲ್ಲಿ ಅವರು ಚಿಪ್ಪುಗಳಿಗೆ ಹೆಸರಿಟ್ಟು ಮುಗಿಸಿದ್ದರು. ಊಟದ ನಂತರ ಅಲ್ಲಿನ ಹಿರಿಯರು ಚಿಕ್ಕವಳನ್ನು ಕೂರಿಸಿಕೊಂಡು, ವಿಶಾಖಪಟ್ಟಣಕ್ಕೆ ಹೋಗಿ ಅಕ್ಕನ ಜೊತೆ ಇರುತ್ತೀಯಾ ಎಂದು ಮೆಲ್ಲಗೆ ಕೇಳಿದರು.

"ಎಷ್ಟು ದಿನ?"

"ಯಾವಾಗಲೂ."

ಅವಳು ಎದ್ದು ಹೋಗಿ ಅಡುಗೆಯ ಹೆಂಗಸಿನ ಸೀರೆಯ ಹಿಂದೆ ನಿಂತಳು. "ಬರಲ್ಲ," ಎಂದಳು. "ನನ್ನ ಮಂಚ ಇಲ್ಲೈತೆ." ಇನ್ನೊಮ್ಮೆ ಕೇಳಿದ್ದಕ್ಕೆ ಅತ್ತಳು. ಅಡುಗೆಯ ಹೆಂಗಸೂ ಸೆರಗಿನಿಂದ ಮುಖ ಒರೆಸಿಕೊಂಡಳು.

ಸಮುದ್ರ ನೋಡಿದರೆ ಮನಸ್ಸು ಬದಲಾಗಬಹುದು, ರಜೆಗೆ ಒಮ್ಮೆ ಕರೆಸೋಣ ಎಂದು ನಾನು ಹೇಳುತ್ತಿದ್ದೆ. ಆಗ ನಮ್ಮ ಹುಡುಗಿ ಅಮ್ಮನ ಕಡೆ ತಿರುಗಿದಳು.

"ಅಮ್ಮಾ, ಅವಳು ಸಣ್ಣೋಳು. ಅವಳನ್ನ ಎಬ್ಬಿಸಬೇಡ್ರಿ. ನಾನು ಬರ್ತೀನಿ ಇಲ್ಲಿಗೆ."

"ಇಲ್ಲಿಗೆ ಅಂದ್ರೆ?"

"ಇರಾಕೆ. ಹೊಸ ಮನೆಯಾಗೆ ಇರೋದು ನನಗೆ ಗೊತ್ತು. ಒಂದು ಸಲ ಇದ್ದು ನೋಡೀನಲ್ಲ. ಅವಳಿಗೆ ಗೊತ್ತಿಲ್ಲ."

ಅಮ್ಮ ಪುಳಿಹೊರದ ಡಬ್ಬಿ ತೆಗೆದುಕೊಂಡು ಅಂಗಳದ ನಲ್ಲಿಗೆ ಹೋದರು. ತೊಳೆದಿದ್ದ ಡಬ್ಬಿಯನ್ನು ಮತ್ತೆ ತೊಳೆದರು. ಮುಚ್ಚಳವನ್ನೂ ತೊಳೆದರು. ನಾನು ಹತ್ತಿರ ಹೋಗಿ ನಿಂತೆ.

"ಐದು ವರ್ಷ ತಲೆ ಬಾಚೀನ್ರಿ," ಎಂದರು, ನನ್ನ ಕಡೆ ನೋಡದೆ. "ನಮ್ಮ ಮನೆಯಿಂದ ಯಾರನ್ನೂ ಕಳಿಸಲ್ಲ ಅಂತ ಎದೆ ತಟ್ಟಿಕೊಂಡು ಹೇಳಿದೋಳು ನಾನು."

"ಬೇಡ ಅಂದ್ರೆ ಅವಳು ನಿಲ್ತಾಳೆ. ನಿಮ್ಮ ಮಾತು ಮೀರಲ್ಲ."

"ಅದೇ ಭಯ."

ಅಲ್ಲಿಂದಲೇ ಅಯ್ಯಗಾರಿಗೆ ಫೋನು ಮಾಡಿದರು. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಈ ಕಡೆಯದು ಕೇಳಿಸಿತು: "ವಂದನಾಲು ಅಯ್ಯಗಾರೂ... ಬರಲ್ಲ ಅಂತು ಚಿಕ್ಕದು... ಇಲ್ಲ, ನಮ್ಮದು ಇಲ್ಲಿಗೆ ಬರ್ತೀನಿ ಅಂತೈತೆ... ಕಳಿಸೋದು ಅಲ್ರಿ ಅಯ್ಯಗಾರೂ. ಅದು ಹೋಗ್ತೈತೆ. ಎರಡೂ ಬೇರೆ... ಮಂಚ ಯಾಕೆ ತೆಗೀಬೇಕು? ಅಲ್ಲೇ ಇರಲಿ. ಎರಡೂ ಇರಲಿ. ರಜೆಗೆ ಬಂದ್ರೆ ಎಲ್ಲಿ ಮಲಗ್ತಾರೆ ಮತ್ತೆ?"

ಸಮಿತಿಗಳ ಕಾಗದ ಮುಗಿಯಲು ಒಂದು ತಿಂಗಳಾಯಿತು. ಆ ತಿಂಗಳಲ್ಲಿ ನಾನು ಅವಳ ವರದಿಯನ್ನು ಹೊಸದಾಗಿ ಬರೆದೆ. ಒಂದು ಪುಟ ಸಾಲಲಿಲ್ಲ, ಮೂರಾಯಿತು. ಹಳೆಯ ಪುಟವನ್ನು ಹರಿಯಬೇಡಿ, ತಪ್ಪು ಎಂದು ಬರೆದು ಅದನ್ನೂ ಇಡಿ ಎಂದು ಅಯ್ಯಗಾರಿಗೆ ಹೇಳಿದೆ. ಅವರು ಹಾಗೇ ಮಾಡಿದರು. ಬೇರೆ ಮಕ್ಕಳ ಫೈಲುಗಳನ್ನೂ ಅಮ್ಮಂದಿರನ್ನು ಎದುರಿಗೆ ಕೂರಿಸಿಕೊಂಡು ಒಂದೊಂದಾಗಿ ತೆರೆದೆವು. ಪೆನ್ಸಿಲಿನ ಗೆರೆಗಳು ಇನ್ನೂ ಕೆಲವು ಇದ್ದವು.

ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲು ಅಮ್ಮನೇ ಅವಳನ್ನು ವಿಜಯವಾಡಕ್ಕೆ ಬಿಟ್ಟು ಬಂದರು. ವಾರಕ್ಕೊಮ್ಮೆ, ಭಾನುವಾರ ಚರ್ಚು ಮುಗಿದ ಮೇಲೆ, ಅಲ್ಲಿಂದ ಫೋನು ಮಾಡಿಸಬೇಕೆಂದು ಮಾತಾಗಿತ್ತು. ಮೊದಲ ಎರಡು ಭಾನುವಾರ ಹುಡುಗಿ ಅತ್ತಳಂತೆ. ಅಮ್ಮ ಹಾಗೆ ಹೇಳಿದರು. ತಾವು ಅತ್ತಿದ್ದನ್ನು ಹೇಳಲಿಲ್ಲ, ಅಡುಗೆಮನೆಯ ದೊಡ್ಡ ಹುಡುಗಿಯರು ಹೇಳಿದರು.

ಮೂರನೆಯ ಭಾನುವಾರ ನಾನು ಅಮ್ಮನ ಜೊತೆಗಿದ್ದೆ. ಅಮ್ಮ ಬೆಳಗಿನಿಂದ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಊಟಕ್ಕೆ ಮಾಡಿದ್ದ ಗೋಂಗೂರ ಪಪ್ಪಿನ, ಆ ಪುಂಡಿಸೊಪ್ಪಿನ ತೊವ್ವೆಯ, ವಿಷಯ ಹೇಳಬೇಕು, ಲೆಕ್ಕದ ಟೀಚರು ಹೇಗೆಂದು ಕೇಳಬೇಕು, ರಾತ್ರಿ ನಿದ್ದೆ ಬರುತ್ತದಾ ಕೇಳಬೇಕು ಎಂದು ಮೂರು ಸಲ ನನಗೆ ಒಪ್ಪಿಸಿದ್ದರು. ಫೋನು ಬಂದಿತು. ಸ್ಪೀಕರಿಗೆ ಹಾಕಿದರು. ಆ ಕಡೆ ಬಕೆಟ್ಟಿನ ಸದ್ದು, ನೀರಿನ ಸದ್ದು, ಯಾವುದೋ ಮಗುವಿನ ಅರಚಾಟ.

"ಅಮ್ಮಾ ವಂದನಾಲು, ಊಟ ಆಯ್ತಾ?" ಹುಡುಗಿಯ ದನಿಯಲ್ಲಿ ಉಸಿರಿನ ಗಡಿಬಿಡಿ ಇತ್ತು.

"ಆಗಬೇಕು. ನೀನು ಹೆಂಗಿದ್ದಿ? ರಾತ್ರಿ..."

"ಅಮ್ಮಾ, ಆಮ್ಯಾಲೆ ಮಾಡ್ತೀನಿ. ಚೆಲ್ಲಿಗೆ ತಲೆಸ್ನಾನ ಮಾಡಿಸ್ತಾ ಇದೀನಿ, ಕಣ್ಣಿಗೆ ಸೋಪು ಹೋಗೈತೆ, ಕಚ್ಚಾಕೆ ಬರ್ತಾಳೆ." ಫೋನಿನಿಂದ ದೂರ ತಿರುಗಿ ಅವಳು ಗದರಿದಳು. "ಏಯ್, ಕಣ್ಣು ಮುಚ್ಕೋ ಅಂದ್ನಲ್ಲ. ಕೂತ್ಕೋ."

"ನೀನ್ಯಾರು ಹೇಳಾಕೆ?" ಎಂದಿತು ಹಲ್ಲಿಲ್ಲದ ದನಿ.

"ನಿಮ್ಮಕ್ಕ. ಕೂತ್ಕೋ."

ಫೋನು ಕಟ್ಟಾಯಿತು. ಅಮ್ಮ ಅದನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೇಳಬೇಕೆಂದಿದ್ದ ಒಂದು ಮಾತನ್ನೂ ಕೇಳಿರಲಿಲ್ಲ.

"ನನಗೆ ಟೈಮಿಲ್ಲ ಅಂದುಬಿಟ್ಳು ನೋಡ್ರಿ," ಎಂದು ನಗುತ್ತ ಎದ್ದು, ಮಕ್ಕಳಿಗೆ ತಟ್ಟೆ ಹಾಕಲು ಹೋದರು.